ಗೂಗಲ್‌ನಿಂದ ಬರುವ ಕ್ಲಿಕ್ ಕುಸಿದರೆ ಮೊದಲು ನೋಡಬೇಕಾದದ್ದು

ಜಾಲತಾಣಕ್ಕೆ ಗೂಗಲ್‌ನಿಂದ ಬರುವ ಓದುಗರು ಒಂದೇ ವಾರದಲ್ಲಿ ಅರ್ಧಕ್ಕೆ ಇಳಿದರೆ ಹೆಚ್ಚಿನವರು ಮೊದಲು ಶೀರ್ಷಿಕೆಗಳನ್ನು ತಿದ್ದಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿದ್ದಿದ ಮರುಕ್ಷಣವೇ ಇಳಿಕೆಗೆ ಕಾರಣವಾದ ಬದಲಾವಣೆಯೂ ನೀವು ಮಾಡಿದ ಬದಲಾವಣೆಯೂ ಕಲಸಿಹೋಗುತ್ತವೆ. ಯಾವುದರಿಂದ ಏನಾಯಿತೆಂದು ಆಮೇಲೆ ಬಿಡಿಸಿ ಹೇಳುವುದು ಯಾರಿಂದಲೂ ಆಗದು. ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಪುಟವನ್ನು ಮೇಲೆ ತರುವ ಕೆಲಸದ ಲೋಕದಲ್ಲಿ ದಿನಕ್ಕೊಂದು ಸುದ್ದಿ ಇದ್ದೇ ಇರುತ್ತದೆ. ಎಲ್ಲವನ್ನೂ ಬೆನ್ನಟ್ಟುವ ಅಗತ್ಯವಿಲ್ಲ. ಬದಲಾದದ್ದು ನಮ್ಮ ತಾಣವೇ, ಗೂಗಲ್ ಪುಟಗಳಿಗೆ ಕೊಡುವ ಸ್ಥಾನವೇ, ಫಲಿತಾಂಶ ತೋರಿಸುವ ರೀತಿಯೇ ಅಥವಾ ಎಣಿಸುವ ಕ್ರಮವೇ ಎಂದು ಗುರುತಿಸಲು ಬಂದರೆ ಕೆಲಸದ ಮುಖ್ಯ ಭಾಗ ಮುಗಿದಂತೆ.

ಸ್ವಂತ ತಾಣದ ತಪ್ಪನ್ನು ಹುಡುಕುವುದು ಬೇಗ ಮುಗಿಯುವ ಕೆಲಸ, ಅಲ್ಲಿಂದಲೇ ಶುರುಮಾಡಿ. ಇಳಿದ ಪುಟದ ವಿಳಾಸವನ್ನು ಸರ್ಚ್ ಕನ್ಸೋಲ್‌ನ (ತಾಣ ಹುಡುಕಾಟದಲ್ಲಿ ಹೇಗಿದೆ ಎಂದು ಅದರ ಒಡೆಯರಿಗೆ ತೋರಿಸುವ ಗೂಗಲ್‌ನ ಉಪಕರಣ) ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಕೊಟ್ಟು, ಪುಟ ಗೂಗಲ್‌ನ ಹುಡುಕಾಟದ ಪಟ್ಟಿಯಾದ ಇಂಡೆಕ್ಸ್‌ನಲ್ಲಿದೆಯೇ, ಗೂಗಲ್ ಯಾವ ವಿಳಾಸವನ್ನು ಮೂಲ ಪುಟವೆಂದು ಆರಿಸಿಕೊಂಡಿದೆ ಎಂದು ನೋಡಿ. ತಾಣದ ವಿನ್ಯಾಸ ಬದಲಿಸಿದಾಗ ಪರೀಕ್ಷೆಗೆಂದು ಹಾಕಿದ್ದ ‘ನೋಇಂಡೆಕ್ಸ್’ (ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎಂಬ) ಸೂಚನೆ ಹಾಗೆಯೇ ಉಳಿದುಬಿಡುವುದು ತೀರ ಸಾಮಾನ್ಯ. ಇದರ ತಿರುಗುಮುರುಗು ತಪ್ಪೂ ಇದೆ. ಪುಟವೊಂದನ್ನು ಹುಡುಕಾಟದಿಂದ ತೆಗೆಯಬೇಕೆಂದು ಅದಕ್ಕೆ ನೋಇಂಡೆಕ್ಸ್ ಹಾಕಿ, ಜೊತೆಗೆ ಯಾವ ಪುಟಕ್ಕೆ ಬರಬಾರದೆಂದು ಹುಡುಕಾಟ ಯಂತ್ರಗಳಿಗೆ ಹೇಳುವ ರೋಬೋಟ್ಸ್ ಕಡತದಲ್ಲೂ ತಡೆಯುತ್ತಾರೆ. ತಡೆದ ಪುಟದೊಳಕ್ಕೆ ಪುಟಗಳನ್ನು ಓದುವ ಗೂಗಲ್‌ನ ಪ್ರೋಗ್ರಾಂ ಗೂಗಲ್‌ಬಾಟ್ ಹೋಗುವುದೇ ಇಲ್ಲ. ಒಳಗೆ ಬರೆದ ನೋಇಂಡೆಕ್ಸ್ ಅದರ ಕಣ್ಣಿಗೆ ಬೀಳುವುದೂ ಇಲ್ಲ. ಬೇರೆ ತಾಣಗಳ ಕೊಂಡಿಗಳಿಂದಾಗಿ ಆ ವಿಳಾಸ ವಿವರಣೆಯಿಲ್ಲದೆ ಫಲಿತಾಂಶದಲ್ಲಿ ಉಳಿದುಕೊಳ್ಳಬಹುದು. ರೋಬೋಟ್ಸ್ ಕಡತದೊಳಗೇ ನೋಇಂಡೆಕ್ಸ್ ಬರೆಯುವ ಹಳೆಯ ಉಪಾಯವನ್ನು ಗೂಗಲ್ 2019ರ ಸೆಪ್ಟೆಂಬರ್‌ನಿಂದ ಪರಿಗಣಿಸುತ್ತಿಲ್ಲ.

ತಾಣ ಸರಿಯಿದ್ದರೆ ಮುಂದಿನದು ಕೋರ್ ಅಪ್‌ಡೇಟ್, ಅಂದರೆ ಪುಟಗಳಿಗೆ ಸ್ಥಾನ ಕೊಡುವ ಮುಖ್ಯ ವ್ಯವಸ್ಥೆಗೆ ಗೂಗಲ್ ಮಾಡುವ ದೊಡ್ಡ ಬದಲಾವಣೆ. ಹಿಂದಿನ ಅಪ್‌ಡೇಟ್‌ಗಳಲ್ಲಿ 2011ರ ಪಾಂಡಾ ಸತ್ವವಿಲ್ಲದ ಪುಟಗಳನ್ನೂ 2012ರ ಪೆಂಗ್ವಿನ್ ಕೃತಕವಾಗಿ ಕಟ್ಟಿಸಿದ ಕೊಂಡಿಗಳನ್ನೂ ಗುರಿಯಾಗಿಸಿಕೊಂಡಿದ್ದವು, ಹಾಗಾಗಿ ರೋಗದ ಹೆಸರು ಹೇಳುವುದು ಸುಲಭವಿತ್ತು. ಈಗ ಹಾಗಿಲ್ಲ. 2022ರಲ್ಲಿ ಬಂದ ‘ಹೆಲ್ಪ್‌ಫುಲ್ ಕಂಟೆಂಟ್’ ವ್ಯವಸ್ಥೆಯೂ 2024ರ ಮಾರ್ಚ್‌ನಲ್ಲಿ ಕೋರ್ ವ್ಯವಸ್ಥೆಯೊಳಗೆ ಸೇರಿಹೋಯಿತು. ಅಪ್‌ಡೇಟ್ ಹರಡಿಕೊಳ್ಳಲು ಎರಡು ವಾರ ಅಥವಾ ಇನ್ನೂ ಹೆಚ್ಚು ಹಿಡಿಯಬಹುದು. ಆರಂಭ, ಮುಕ್ತಾಯದ ದಿನಾಂಕಗಳು ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಸಿಗುತ್ತವೆ. ಮುಗಿದ ಮೇಲೆ ಒಂದು ಪೂರ್ತಿ ವಾರ ಕಾಯಿರಿ. ಆಮೇಲೆ ಆ ವಾರವನ್ನು, ಅಪ್‌ಡೇಟ್ ಶುರುವಾಗುವ ಮುನ್ನಿನ ವಾರದೊಂದಿಗೆ ಹೋಲಿಸಿ. ನಡುವಿನ ದಿನಗಳ ಏರಿಳಿತ ಲೆಕ್ಕಕ್ಕೆ ಬೇಡ. ಎರಡನೇ ಸ್ಥಾನದಿಂದ ನಾಲ್ಕಕ್ಕೆ ಇಳಿದ ಪುಟವನ್ನು ಮುಟ್ಟದಿರುವುದೇ ಲೇಸು. ನಾಲ್ಕರಿಂದ ಮೂವತ್ತಕ್ಕೆ ಜಾರಿದ್ದರೆ ಅಲ್ಲಿ ಇಲ್ಲಿ ಪದ ಬದಲಿಸಿ ಪ್ರಯೋಜನವಿಲ್ಲ. ಈಗ ಮೇಲಿರುವ ಪುಟಗಳನ್ನು ತೆರೆದು, ಅವುಗಳಲ್ಲಿದ್ದು ನಿಮ್ಮಲ್ಲಿ ಇಲ್ಲದ ಉತ್ತರ ಯಾವುದೆಂದು ನೋಡಿ. ಸುಧಾರಣೆ ಫಲಿತಾಂಶದಲ್ಲಿ ಕಾಣಲು ತಿಂಗಳುಗಳೇ ಹಿಡಿಯಬಹುದು.

ಇಲ್ಲಿ ಬಹಳ ಜನ ಎಡವುವುದು ‘ಸರಾಸರಿ ಸ್ಥಾನ’ ಎಂಬ ಅಂಕಿಯ ಮೇಲೆ. ಒಂದು ಪುಟ ಒಂದು ಹುಡುಕಾಟದಲ್ಲಿ ಮೂರನೇ ಸ್ಥಾನದಲ್ಲಿ 100 ಬಾರಿ ಕಾಣಿಸಿದೆ ಎಂದುಕೊಳ್ಳಿ. ಮುಂದಿನ ತಿಂಗಳು ಅದು ಅಷ್ಟೇ ಬಾರಿ ಅಲ್ಲೇ ಕಾಣಿಸಿ, ಜೊತೆಗೆ ಇನ್ನೊಂದು ಹೊಸ ಹುಡುಕಾಟದಲ್ಲಿ ನಲವತ್ತನೇ ಸ್ಥಾನದಲ್ಲಿ 100 ಬಾರಿ ಕಾಣಿಸಿದರೆ, ಸರಾಸರಿ 3ರಿಂದ 21.5ಕ್ಕೆ ಜಿಗಿಯುತ್ತದೆ. ಪುಟ ಏನನ್ನೂ ಕಳೆದುಕೊಂಡಿಲ್ಲ, ಗಳಿಸಿಕೊಂಡಿದೆ. ಗ್ರಾಫ್ ಮಾತ್ರ ಪಾತಾಳ ತೋರಿಸುತ್ತದೆ. ಆದ್ದರಿಂದ ಸ್ಥಾನವನ್ನು ಯಾವಾಗಲೂ ಒಂದೊಂದು ಶೋಧಪದಕ್ಕೂ ಬೇರೆಬೇರೆಯಾಗಿ ನೋಡಬೇಕು.

ಇದಕ್ಕೆ ವಿರುದ್ಧವಾದ ಘಟನೆ 2025ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಒಂದೇ ಪುಟದಲ್ಲಿ ನೂರು ಫಲಿತಾಂಶ ತರಿಸಿಕೊಳ್ಳಲು ಬಳಸುತ್ತಿದ್ದ ದಾರಿಯನ್ನು ಗೂಗಲ್ ಮುಚ್ಚಿತು. ರ‍್ಯಾಂಕ್ ಅಳೆಯುವ ಸಾಫ್ಟ್‌ವೇರ್‌ಗಳು ನಂಬಿಕೊಂಡಿದ್ದದ್ದು ಅದನ್ನೇ. ಅದೇ ಹೊತ್ತಿಗೆ ಅನೇಕ ತಾಣಗಳ ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಬಾರಿ ಕಾಣಿಸಿತು ಎಂಬ ಎಣಿಕೆ) ಕುಸಿಯಿತು, ಸರಾಸರಿ ಸ್ಥಾನ ಮಾತ್ರ ಏಕಾಏಕಿ ಸುಧಾರಿಸಿದಂತೆ ಕಂಡಿತು. ಕ್ಲಿಕ್‌ಗಳ ಸಂಖ್ಯೆ ಅಲುಗಾಡದೆ ಉಳಿದು, ಇಂಪ್ರೆಷನ್‌ಗಳಷ್ಟೇ ಬಿದ್ದರೆ ಎಣಿಕೆಯ ಮೇಲೆ ಅನುಮಾನ ಪಡಬೇಕು. ಇಮೇಲ್ ಮಾರ್ಕೆಟಿಂಗ್‌ನಲ್ಲೂ ಇಂಥದ್ದೇ ಆಗಿದೆ: 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವ ಖಾಸಗಿತನದ ಸೌಲಭ್ಯ ತಂದ ಮೇಲೆ, ಚಿತ್ರ ಇಳಿದದ್ದನ್ನೇ ಮೇಲ್ ತೆರೆದಂತೆ ಎಣಿಸುವುದರಿಂದ ಎಷ್ಟು ಜನ ಮೇಲ್ ತೆರೆದರು ಎಂಬ ಅಂಕಿಯನ್ನು ನಂಬುವಂತಿಲ್ಲ.

ಸ್ಥಾನವೂ ಇಂಪ್ರೆಷನ್ನೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದರೆ, ಆ ಪದವನ್ನು ನೀವೇ ಮೊಬೈಲ್‌ನಲ್ಲಿ ಹುಡುಕಿ. ಮೇಲ್ಗಡೆ ಗೂಗಲ್‌ನ ಎಐ ಬರೆದ ಸಾರಾಂಶ, ಎಐ ಓವರ್‌ವ್ಯೂ ಬಂದು ಕುಳಿತಿರಬಹುದು. 2024ರ ಮೇನಲ್ಲಿ ಅಮೆರಿಕದಲ್ಲಿ ಶುರುವಾದ ಇದು ಉತ್ತರವನ್ನು ಅಲ್ಲೇ ಕೊಟ್ಟುಬಿಡುತ್ತದೆ. ಇದರಿಂದ ಹೊರಗುಳಿಯಲೆಂದು ರೋಬೋಟ್ಸ್ ಕಡತದಲ್ಲಿ ‘ಗೂಗಲ್-ಎಕ್ಸ್‌ಟೆಂಡೆಡ್’ ಅನ್ನು ತಡೆದವರಿದ್ದಾರೆ. ಅದು ಗೂಗಲ್‌ನ ಜೆಮಿನಿ ಎಐ ಮಾದರಿಗಳ ತರಬೇತಿಯಂಥ ಬಳಕೆಗೆ ಸಂಬಂಧಿಸಿದ್ದು, ಹುಡುಕಾಟಕ್ಕಲ್ಲ. ಓವರ್‌ವ್ಯೂನಲ್ಲಿ ಪಠ್ಯ ಬರದಂತೆ ತಡೆಯುವುದು ‘ನೋಸ್ನಿಪ್ಪೆಟ್’ ಸೂಚನೆ. ಆದರೆ ಅದನ್ನು ಹಾಕಿದರೆ ಸಾಮಾನ್ಯ ಫಲಿತಾಂಶದ ಕೆಳಗಿನ ವಿವರಣೆಯೂ ಮಾಯವಾಗುತ್ತದೆ. ಹೆಚ್ಚಿನ ತಾಣಗಳಿಗೆ ಈ ಬೆಲೆ ದುಬಾರಿ.

ವೇಗದ ಅಳತೆಗಳ ಮಾತು ಚಿಕ್ಕದು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು (ಐಎನ್‌ಪಿ ಎಂಬ ಈ ಅಳತೆ 2024ರ ಮಾರ್ಚ್‌ನಲ್ಲಿ ಹಳೆಯ ಎಫ್‌ಐಡಿಯ ಜಾಗಕ್ಕೆ ಬಂತು), ಪುಟ ಅಲುಗಾಡುವ ಪ್ರಮಾಣ 0.1 ಮೀರಬಾರದು, ಅದೂ ನೂರು ಭೇಟಿಗಳಲ್ಲಿ ಎಪ್ಪತ್ತೈದಕ್ಕೆ. ಸರ್ಚ್ ಕನ್ಸೋಲ್‌ನ ಈ ಅಳತೆಗಳ ವರದಿ 28 ದಿನಗಳ ನಿಜವಾದ ಬಳಕೆಯ ಮೇಲೆ ನಿಂತಿರುವುದರಿಂದ, ಇಂದು ಸರಿಪಡಿಸಿದ್ದರ ಪೂರ್ಣ ಫಲ ಕಾಣಲು ನಾಲ್ಕು ವಾರ ಬೇಕು.

ಇಷ್ಟೆಲ್ಲ ಪತ್ತೆ ಹಚ್ಚಲು ಹಳೆಯ ದಾಖಲೆ ಕೈಯಲ್ಲಿರಬೇಕು. ತಾಣದಲ್ಲಿ ಏನು ಬದಲಿಸಿದರೂ ದಿನಾಂಕ, ಪುಟ, ಕಾರಣ ಮೂರನ್ನೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡಿ; ಕೋರ್ ಅಪ್‌ಡೇಟ್ ದಿನಾಂಕಗಳೂ ಅಲ್ಲೇ ಇರಲಿ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿಯನ್ನಷ್ಟೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ. ತಾಣಕ್ಕೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಎಕ್ಸ್‌ಪ್ಲೊರೇಷನ್‌ಗೆ (ನಾವೇ ಕಟ್ಟಿಕೊಳ್ಳುವ ವಿಶ್ಲೇಷಣೆಗೆ) ಸಿಗುವ ಮಾಹಿತಿಯ ಅವಧಿ ಮೊದಲಿಗೆ ಎರಡೇ ತಿಂಗಳಿರುತ್ತದೆ. ಅಡ್ಮಿನ್ ವಿಭಾಗದ ‘ಡೇಟಾ ರಿಟೆನ್ಷನ್’ನಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು. ಅಷ್ಟರಲ್ಲಿ ಅಳಿಸಿಹೋದದ್ದು ಮರಳಿ ಬಾರದು, ಹೀಗಾಗಿ ಖಾತೆ ತೆರೆದ ದಿನವೇ ಇದನ್ನು ಮಾಡಿ.