‘ಗಾರ್ಡಿಯನ್ಸ್’ ಎರಡನೇ ಭಾಗ: ಅಚ್ಚರಿ ಕರಗಿದ ಮೇಲೆ ಉಳಿದದ್ದು

ಮಾರ್ವೆಲ್‌ನ ಬಾಹ್ಯಾಕಾಶ ಸಾಹಸ ಚಿತ್ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ವಾಲ್ಯೂಮ್ 2’ 2017ರ ಮೇ 5ರಂದು ತೆರೆಗೆ ಬಂದಾಗ ಹೆಚ್ಚಿನ ವಿಮರ್ಶಕರು ಹೇಳಿದ್ದು ಒಂದೇ ಮಾತು: ಚೆನ್ನಾಗಿದೆ, ಆದರೆ ಮೊದಲನೆಯದರಷ್ಟಲ್ಲ. ಟಿಕೆಟ್ ಕೊಂಡವರ ಲೆಕ್ಕ ಬೇರೆಯೇ ಇತ್ತು. 2014ರ ಚಿತ್ರ ಜಗತ್ತಿನಾದ್ಯಂತ ಸುಮಾರು 77 ಕೋಟಿ ಡಾಲರ್ ಗಳಿಸಿತ್ತು, ಎರಡನೆಯದು 86 ಕೋಟಿ ದಾಟಿತು. ಇವೆರಡರಲ್ಲಿ ಯಾವುದೂ ಸುಳ್ಳಲ್ಲ. ಮೊದಲ ಚಿತ್ರದ ಕೈಯಲ್ಲಿದ್ದ ಒಂದು ಬಂಡವಾಳ ಎರಡನೆಯದಕ್ಕೆ ಸಿಗುವಂತೆಯೇ ಇರಲಿಲ್ಲ. ಅದನ್ನು ಬಿಟ್ಟು ಈ ಹೋಲಿಕೆಗೆ ಇಳಿದರೆ ತೀರ್ಪು ತಪ್ಪುತ್ತದೆ.

ಆ ಬಂಡವಾಳವೇ ಅಪರಿಚಿತತೆ. ‘ಗಾರ್ಡಿಯನ್ಸ್’ ಹೆಸರಿನ ತಂಡ ಮಾರ್ವೆಲ್ ಕಾಮಿಕ್ಸ್‌ನಲ್ಲಿ ಹುಟ್ಟಿದ್ದು 1969ರಲ್ಲಿ. ಅರ್ನಾಲ್ಡ್ ಡ್ರೇಕ್ ಬರೆದು ಜೀನ್ ಕೋಲನ್ ಚಿತ್ರ ಬಿಡಿಸಿದ ಆ ತಂಡದಲ್ಲಿ ರಕೂನ್ ರೂಪದ ರಾಕೆಟ್ ಇರಲಿಲ್ಲ, ಮರದ ರೂಪದ ಗ್ರೂಟ್ ಇರಲಿಲ್ಲ, ಯೊಂಡು ಇದ್ದ. ಈಗ ನಮಗೆ ಗೊತ್ತಿರುವ ತಂಡವನ್ನು 2008ರಲ್ಲಿ ಡ್ಯಾನ್ ಆಬ್ನೆಟ್ ಮತ್ತು ಆಂಡಿ ಲ್ಯಾನಿಂಗ್ ಹಳೆಯ ಪುಟಗಳಿಂದ ಹೆಕ್ಕಿ ಕಟ್ಟಿದರು. ಗ್ರೂಟ್ 1960ರ ಒಂದು ರಾಕ್ಷಸ ಕತೆಯಿಂದ ಬಂದವನು, ರಾಕೆಟ್ 1976ರವನು. ಕಾಮಿಕ್ಸ್ ಓದುವವರಲ್ಲೇ ಬಹಳ ಜನಕ್ಕೆ ಪರಿಚಯವಿಲ್ಲದ ಇವರನ್ನು ಚಿತ್ರಕತೆಗಾರ್ತಿ ನಿಕೋಲ್ ಪರ್ಲ್‌ಮನ್ ಮಾರ್ವೆಲ್‌ನ ಬರಹಗಾರರ ಯೋಜನೆಯಲ್ಲಿ ಕೂತು ಆರಿಸಿಕೊಂಡರು. ಆಮೇಲೆ ಬಂದ ನಿರ್ದೇಶಕ ಜೇಮ್ಸ್ ಗನ್ ಅದಕ್ಕೆ ತಮ್ಮ ದನಿ ಕೊಟ್ಟರು.

ಮರವೊಂದು ಮಾತಾಡುತ್ತದೆ, ಅದೂ ಮೂರೇ ಪದ. ಜೊತೆಗೆ ಬಂದೂಕು ಹಿಡಿದ ರಕೂನ್. ಇವರನ್ನು ಅಳೆಯಲು ಪ್ರೇಕ್ಷಕರ ಬಳಿ ಯಾವ ಮಾನದಂಡವೂ ಇರಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ದುಡ್ಡು ಮಾಡಿಕೊಳ್ಳಲು ಹೊರಟವರು ಕಿಲ್ನ್ ಜೈಲಿಗೆ ಬಿದ್ದು, ಅಲ್ಲಿಂದ ತಪ್ಪಿಸಿಕೊಳ್ಳುವ ಹೊತ್ತಿಗೆ ಅರೆಮನಸ್ಸಿನ ತಂಡವಾಗುತ್ತಾರೆ. ಹೀಗೆ ಕೂಡುವ ಕತೆಯನ್ನು ಒಂದು ಸಲ ಮಾತ್ರ ಹೇಳಬಹುದು. ಕೂಡಿಯಾದವರನ್ನು ಮತ್ತೆ ಕೂಡಿಸಲು ಬರುವುದಿಲ್ಲ.

ಎರಡನೇ ಭಾಗವನ್ನು ಗನ್ ಒಬ್ಬರೇ ಬರೆದರು. ಕೂಡಿದವರನ್ನು ಅವರು ಬೇರ್ಪಡಿಸಿದರು. ಬರ್ಹರ್ಟ್ ಗ್ರಹದಲ್ಲಿ ಹಡಗು ಅಪ್ಪಳಿಸಿದ ಮೇಲೆ ತಂಡದ ನಾಯಕ ಪೀಟರ್, ಜೊತೆಗಾರರಾದ ಗಮೋರಾ, ಡ್ರ್ಯಾಕ್ಸ್ ಒಂದು ಕಡೆ ಹೋದರೆ, ರಾಕೆಟ್, ಪುಟ್ಟ ಗ್ರೂಟ್, ಸೆರೆಯಲ್ಲಿರುವ ಗಮೋರಾಳ ಸೋದರಿ ನೆಬ್ಯುಲಾ ಇನ್ನೊಂದು ಕಡೆ ಉಳಿಯುತ್ತಾರೆ. ಚಿತ್ರ ಸೋಲುವುದೂ ಗೆಲ್ಲುವುದೂ ಈ ಒಂದೇ ನಿರ್ಧಾರದಿಂದ. ಮೊದಲ ಚಿತ್ರದ ರುಚಿಯಿದ್ದದ್ದು ಐವರೂ ಒಂದೇ ಕೋಣೆಯಲ್ಲಿ ಜಗಳವಾಡುವಾಗ; ಆ ಕೋಣೆ ಇಲ್ಲಿ ಬಹುಹೊತ್ತು ಖಾಲಿ. ಪೀಟರ್‌ನ ತಂದೆ ಈಗೋನ ಗ್ರಹದಲ್ಲಿ ಕತೆ ನಿಂತ ನೀರಾಗುತ್ತದೆ. ಈಗೋ ತನ್ನ ಪೂರ್ವಕತೆಯನ್ನು ಬೊಂಬೆಗಳಂಥ ಪ್ರತಿಮೆಗಳ ಮುಂದೆ ನಿಂತು ವಿವರಿಸುತ್ತಾನೆ, ಉಳಿದವರು ಕೇಳುತ್ತಾರೆ. ಅತ್ತ ತಂಡವನ್ನು ಬೆನ್ನಟ್ಟಿರುವ ಸಾವರಿನ್ ಜನರ ಹಡಗುಗಳು ಕ್ಲೈಮ್ಯಾಕ್ಸ್‌ಗೆ ಮತ್ತೆ ಬರುತ್ತವೆ, ಭಾವನೆಯ ಎಳೆಗೆ ಅವುಗಳಿಂದ ಏನೂ ಸೇರುವುದಿಲ್ಲ. ಮೊದಲನೆಯದು 121 ನಿಮಿಷ, ಇದು ಸುಮಾರು 136. ಆ ಹೆಚ್ಚುವರಿ ಕಾಲು ಗಂಟೆ ಮೈಗೆ ತಿಳಿಯುತ್ತದೆ. ಯೊಂಡುವಿನ ವಿರುದ್ಧ ದಂಗೆಯೇಳುವವನ ಟೇಸರ್‌ಫೇಸ್ ಎಂಬ ಹೆಸರಿನ ತಮಾಷೆಯನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ. ಈಗೋನ ಸೇವಕಿ ಮ್ಯಾಂಟಿಸ್‌ಳ ರೂಪದ ಬಗ್ಗೆ ಡ್ರ್ಯಾಕ್ಸ್ ಆಡುವ ಮಾತುಗಳೂ ಎರಡು ಸಲದ ಮೇಲೆ ಕಿರಿಕಿರಿ.

ಆದರೆ ತಂದೆಯನ್ನು ಆರಿಸಿದ ರೀತಿ ನೋಡಿ. ಕಾಮಿಕ್ಸ್‌ನಲ್ಲಿ ಪೀಟರ್‌ನ ತಂದೆ ಸ್ಪಾರ್ಟಾಕ್ಸ್ ಸಾಮ್ರಾಜ್ಯದ ಜೇಸನ್. ಗನ್‌ಗೆ ಬೇಕಾಗಿದ್ದವನು ಈಗೋ, ಅಂದರೆ 1966ರ ‘ಥಾರ್’ ಕಾಮಿಕ್‌ನಲ್ಲಿ ಬಂದ, ಜೀವವಿರುವ ಗ್ರಹ. ಅವನ ಹಕ್ಕು ಫಾಕ್ಸ್ ಸಂಸ್ಥೆಯ ಬಳಿಯಿತ್ತು. ಫಾಕ್ಸ್‌ಗೆ ತನ್ನ ‘ಡೆಡ್‌ಪೂಲ್’ ಚಿತ್ರಕ್ಕಾಗಿ ನೆಗಾಸಾನಿಕ್ ಟೀನೇಜ್ ವಾರ್‌ಹೆಡ್ ಎಂಬ ಪಾತ್ರದ ಶಕ್ತಿಗಳನ್ನು ಬದಲಿಸಲು ಮಾರ್ವೆಲ್‌ನ ಒಪ್ಪಿಗೆ ಬೇಕಿತ್ತು. ಕೊಟ್ಟು ತೆಗೆದುಕೊಂಡರು. ಈ ವಿನಿಮಯ ನಡೆಯದಿದ್ದರೆ ಎರಡನೇ ಭಾಗಕ್ಕೆ ಬೆನ್ನೆಲುಬೇ ಇರುತ್ತಿರಲಿಲ್ಲ.

ಖಳನಾಯಕನ ವಿಷಯದಲ್ಲಿ ಸೀಕ್ವೆಲ್ ಸ್ಪಷ್ಟವಾಗಿ ಮುಂದಿದೆ. ಮೊದಲ ಚಿತ್ರದ ರೋನನ್ ಸುತ್ತಿಗೆ ಹಿಡಿದು ಗುಡುಗುತ್ತಾನೆ, ಅಷ್ಟೇ. ಈಗೋ ಪ್ರೀತಿಯ ಅಪ್ಪನಾಗಿ ಬರುತ್ತಾನೆ. ಪೀಟರ್‌ನ ತಾಯಿ ಮೆರೆಡಿತ್‌ಳ ತಲೆಯಲ್ಲಿ ಅವಳನ್ನು ಕೊಂದ ಗೆಡ್ಡೆ ಇಟ್ಟವನು ತಾನೇ ಎಂದು ಅವನು ಹೇಳುವ ಕ್ಷಣ, 2014ರ ಚಿತ್ರದ ಮೊದಲ ದೃಶ್ಯವೇ ಬದಲಾಗುತ್ತದೆ: 1988ರ ಆಸ್ಪತ್ರೆ, ಚಾಚಿದ ತಾಯಿಯ ಕೈ, ಹಿಡಿಯಲಾಗದ ಹುಡುಗ. ಹಿಂದಿನ ಚಿತ್ರವನ್ನು ಹೀಗೆ ಒಳಗಿನಿಂದ ತಿರುಗಿಸುವ ಸೀಕ್ವೆಲ್‌ಗಳು ಅಪರೂಪ.

ಹಾಡುಗಳ ಕೆಲಸವೂ ಬದಲಾಗಿದೆ. ಮೊದಲನೆಯದರಲ್ಲಿ ಕ್ಯಾಸೆಟ್ ತಾಯಿಯ ನೆನಪು. ರೆಡ್‌ಬೋನ್ ತಂಡದ ಹಾಡಿಗೆ ಪೀಟರ್ ಪಾಳು ಗ್ರಹದಲ್ಲಿ ಕುಣಿದಾಗ ಅವನ ಒಂಟಿತನ ಮಾತಿಲ್ಲದೆ ತಿಳಿಯುತ್ತದೆ. ಆ ಹಾಡುಗಳ ಆಲ್ಬಮ್ ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಬರೀ ಹಳೆಯ ಹಾಡುಗಳಿದ್ದ ಯಾವ ಚಿತ್ರದ ಆಲ್ಬಮ್ಮೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ. ಎರಡನೆಯದರಲ್ಲಿ ಹಾಡುಗಳು ಕತೆಯೊಳಗೇ ಇಳಿಯುತ್ತವೆ. 1972ರ ‘ಬ್ರ್ಯಾಂಡಿ’ ಹಾಡಿನಲ್ಲಿ ಕಡಲಿಗಾಗಿ ಪ್ರೇಯಸಿಯನ್ನು ಬಿಟ್ಟು ಹೋಗುವ ನಾವಿಕನಿದ್ದಾನೆ. ಈಗೋ ಅದನ್ನೇ ತನ್ನ ಸಮರ್ಥನೆಯಾಗಿ ಬಳಸುತ್ತಾನೆ, ಆಮೇಲೆ ವಾಕ್‌ಮನ್ನನ್ನು ಪುಡಿ ಮಾಡುತ್ತಾನೆ. ಕೆಲವೆಡೆ ಹಾಡು ಅರ್ಥವನ್ನು ತುಸು ಹೆಚ್ಚೇ ಬಿಡಿಸಿ ಹೇಳುತ್ತದೆ, ನಿಜ. ಆದರೆ ಕೊನೆಗೆ ಝೂನ್ ಎಂಬ ಹಾಡು ಕೇಳುವ ಯಂತ್ರದಲ್ಲಿ ಕ್ಯಾಟ್ ಸ್ಟೀವನ್ಸ್‌ನ ‘ಫಾದರ್ ಅಂಡ್ ಸನ್’ ಕೇಳಿಬಂದಾಗ ಆ ದೂರು ಉಳಿಯುವುದಿಲ್ಲ.

ಕಾರಣ ಯೊಂಡು. ಮೊದಲ ಭಾಗದಲ್ಲಿ ಅವನು ಪೀಟರ್‌ನನ್ನು ಸಾಕಿದ, ಸೀಟಿ ಹಾಕಿ ಬಾಣ ಹಾರಿಸುವ ಪುಂಡ ನಾಯಕ, ಇಷ್ಟವಾಗುವ ಪೋಷಕ ಪಾತ್ರ. ಎರಡನೆಯದು ಅವನನ್ನು ನಡುಮಧ್ಯಕ್ಕೆ ತರುತ್ತದೆ. ತಲೆಯ ಮೇಲೆ ಎತ್ತರದ ರೆಕ್ಕೆ ಮೂಡಿದಾಗ ಅವನು 1969ರ ಕಾಮಿಕ್‌ನ ಯೊಂಡುವಿನಂತೆ ಕಾಣುತ್ತಾನೆ. ಮೊದಲ ಚಿತ್ರದಲ್ಲಿ ಪೀಟರ್ ನಿರ್ವಾತದಲ್ಲಿ ತನ್ನ ಮುಖವಾಡ ತೆಗೆದು ಗಮೋರಾಗೆ ತೊಡಿಸಿದ್ದ, ಬದುಕುಳಿದಿದ್ದ. ಇಲ್ಲಿ ಇರುವ ಒಂದೇ ರಕ್ಷಾಕವಚವನ್ನು ಯೊಂಡು ಪೀಟರ್‌ಗೆ ತೊಡಿಸುತ್ತಾನೆ, ತಾನು ಹೆಪ್ಪುಗಟ್ಟುತ್ತಾನೆ. ಅದೇ ಸನ್ನಿವೇಶ, ಆದರೆ ಈ ಸಲ ಬೆಲೆ ತೆರಲೇಬೇಕಾಗಿದೆ. ಹುಟ್ಟಿಸಿದವನೇ ಅಪ್ಪನೇ, ಸಾಕಿದವನೇ ಎಂಬ ಪ್ರಶ್ನೆ ರಾಧೇಯನ ಕತೆ ಕೇಳಿ ಬೆಳೆದ ನಮಗೆ ಹೊಸದಲ್ಲ. ಹಾಗಾಗಿಯೇ ಇದು ನೇರವಾಗಿ ನಾಟುತ್ತದೆ. ಯೊಂಡುವಿನ ಅಂತ್ಯಕ್ರಿಯೆಗೆ ಬಂದು ಗೌರವ ಸಲ್ಲಿಸುವ ಅವನ ಹಳೆಯ ಒಡನಾಡಿ ಸ್ಟಾಕರ್ ಮತ್ತವನ ಸಂಗಡಿಗರು ಹಳೆಯ ಕಾಮಿಕ್ಸ್‌ನ ‘ಗಾರ್ಡಿಯನ್ಸ್’ ತಂಡದವರು.

ತಾಂತ್ರಿಕವಾಗಿ ಹೆಚ್ಚು ಹೇಳಬೇಕಿಲ್ಲ: ರೆಡ್ 8ಕೆ ಕ್ಯಾಮೆರಾದಲ್ಲಿ ಚಿತ್ರೀಕರಣ, ಫ್ರ್ಯಾಕ್ಟಲ್ ಗಣಿತದಿಂದ ಕಟ್ಟಿದ ಈಗೋನ ಲೋಕ. ಹಿಂದೆ ಘನಘೋರ ಕಾಳಗ ನಡೆದಿರುವಾಗ ಕ್ಯಾಮೆರಾ ಪುಟ್ಟ ಗ್ರೂಟ್‌ನ ಕುಣಿತವನ್ನೇ ಹಿಂಬಾಲಿಸುವ ಆರಂಭದ ದೃಶ್ಯ ಮಾತ್ರ ಬೇರೆಯೇ ಮಾತು. ಈ ಚಿತ್ರಕ್ಕೆ ಯುದ್ಧಕ್ಕಿಂತ ಮನೆಯವರು ಮುಖ್ಯ ಎಂಬುದು ಅಲ್ಲೇ ಗೊತ್ತಾಗುತ್ತದೆ.

ತೀರ್ಪು ನಿಧಾನವಾಗಿ ಬದಲಾದದ್ದು ಆಮೇಲಿನ ಚಿತ್ರಗಳಿಂದ. ಗಮೋರಾಳ ಎದುರು ಸೋತಾಗಲೆಲ್ಲ ಸಾಕುತಂದೆ ಥಾನೋಸ್ ನನ್ನ ದೇಹದ ಒಂದೊಂದು ಭಾಗ ಕಿತ್ತು ಯಂತ್ರ ಜೋಡಿಸಿದ ಎಂದು ನೆಬ್ಯುಲಾ ಇಲ್ಲಿ ಹೇಳಿದ್ದು 2018, 2019ರ ‘ಅವೆಂಜರ್ಸ್’ ಚಿತ್ರಗಳಲ್ಲಿ ಅವಳ ನಡೆಗೆ ತಳಪಾಯವಾಯಿತು. 2018ರ ಜುಲೈನಲ್ಲಿ ಡಿಸ್ನಿ ಗನ್‌ರನ್ನು ಕೆಲಸದಿಂದ ತೆಗೆಯಿತು, 2019ರ ಮಾರ್ಚ್‌ನಲ್ಲಿ ಮರಳಿ ಕರೆಯಿತು. ಮೂರನೇ ಭಾಗ ಬಂದದ್ದು 2023ರಲ್ಲಿ, ಅದರ ಜೀವಾಳ ರಾಕೆಟ್‌ನ ಹಿಂದಿನ ಬದುಕು. ಅದನ್ನು ನೋಡಿ ಎರಡನೆಯದಕ್ಕೆ ಮರಳಿದರೆ, ಒರಟುತನದ ಹಿಂದೆ ನೀನು ಅಡಗಿಸಿಟ್ಟಿರುವುದು ನನಗೆ ಗೊತ್ತು, ನೀನೂ ನನ್ನಂಥವನೇ ಎಂದು ಯೊಂಡು ರಾಕೆಟ್‌ಗೆ ಹೇಳುವ ದೃಶ್ಯ ಬೇರೆಯೇ ತೂಕದಲ್ಲಿ ಕಾಣುತ್ತದೆ. ಯೊಂಡುವಿಗಾಗಿ ಆಕಾಶದಲ್ಲಿ ಬಣ್ಣದ ಬೆಳಕು ಸಿಡಿಯುವಾಗ ಚಿತ್ರದ ಕೊನೆಯ ಚೌಕಟ್ಟು ನಿಲ್ಲುವುದು ಪೀಟರ್‌ನ ಮೇಲಲ್ಲ, ಕಣ್ಣು ತುಂಬಿಕೊಂಡ ರಾಕೆಟ್‌ನ ಮುಖದ ಮೇಲೆ.