ಆಟೋಕ್ಯಾಡ್ ರಿಬ್ಬನ್: ಟ್ಯಾಬ್ ಮಾಡಿದ್ದಾಯಿತು, ಕಾಣುತ್ತಲೇ ಇಲ್ಲ!

ಇಡೀ ಒಂದು ಸಂಜೆ ಇದರಲ್ಲೇ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ ಗೆರೆ, ವೃತ್ತ ಎಳೆಯುವಷ್ಟು ಬರುವವರಿಗೆ ಈ ಟಿಪ್ಪಣಿ ಸಾಕು. ಮೇಲೆ ಅಡ್ಡಕ್ಕೆ ಕೂತಿರುವ ಪಟ್ಟಿಯೇ ರಿಬ್ಬನ್. ಹೋಮ್, ಇನ್ಸರ್ಟ್, ಆನೋಟೇಟ್ ಇವು ಟ್ಯಾಬ್‌ಗಳು. ಅವುಗಳ ಒಳಗೆ ಡ್ರಾ, ಮಾಡಿಫೈ ಎಂದು ಗುಂಪು ಗುಂಪಾಗಿರುವವು ಪ್ಯಾನೆಲ್‌ಗಳು.

ಕಮಾಂಡ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ನಡುವೆ ಜಾಗ ಬೇಡ. ಇಲ್ಲಿ ಸ್ಪೇಸ್ ಒತ್ತಿದರೂ ಎಂಟರ್ ಒತ್ತಿದ ಹಾಗೆಯೇ, ಗೊತ್ತಲ್ವಾ.

ಟ್ಯಾಬ್ ಮಾಡುವುದು

ದಿನವೂ ಬಳಸುವ ಹತ್ತು ಹನ್ನೆರಡು ಕಮಾಂಡ್ ಒಂದೇ ಕಡೆ ಸಿಗಲಿ ಎಂದು ನನ್ನದೇ ಒಂದು ಟ್ಯಾಬ್ ಮಾಡಲು ಹೊರಟೆ. ಸಿಯುಐ (ಕಸ್ಟಮೈಸ್ ಯೂಸರ್ ಇಂಟರ್‌ಫೇಸ್) ಎಂದು ಟೈಪ್ ಮಾಡಿದರೆ ರಿಬ್ಬನ್, ಮೆನುಗಳನ್ನು ಬೇಕಾದ ಹಾಗೆ ಬದಲಿಸುವ ದೊಡ್ಡ ಕಿಟಕಿ ತೆರೆಯುತ್ತದೆ. ಎಡಕ್ಕೆ ಮೇಲೆ ಮರದಂಥ ಪಟ್ಟಿ, ಅದರ ಕೆಳಗೆ ಕಮಾಂಡ್‌ಗಳ ಪಟ್ಟಿ. ಮೇಲಿನ ಪಟ್ಟಿಯಲ್ಲಿ ರಿಬ್ಬನ್ ಬಿಡಿಸಿ, ಪ್ಯಾನೆಲ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಪ್ಯಾನೆಲ್ ಮಾಡಿ. ಕೆಳಗಿನ ಪಟ್ಟಿಯಿಂದ ಬೇಕಾದ ಕಮಾಂಡ್‌ಗಳನ್ನು ಅದರ ಸಾಲಿಗೆ ಎಳೆದು ಹಾಕಿ. ಆಮೇಲೆ ಟ್ಯಾಬ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಟ್ಯಾಬ್ ಮಾಡಿ, ಆ ಪ್ಯಾನೆಲನ್ನು ಎಳೆದು ಟ್ಯಾಬ್ ಮೇಲೆ ಬಿಡಿ. ಅಪ್ಲೈ, ಓಕೆ.

ಇಷ್ಟು ಸಲೀಸಾಗಿ ಆಯಿತು. ಕಿಟಕಿ ಮುಚ್ಚಿ ನೋಡಿದರೆ ಟ್ಯಾಬೇ ಇಲ್ಲ!

ನಾನು ಎಡವಿದ್ದು ಇಲ್ಲಿ

ಸೇವ್ ಆಗಿಲ್ಲವೇನೋ ಎಂದುಕೊಂಡು ಮತ್ತೆ ಮಾಡಿದೆ. ಇಲ್ಲ. ಇನ್ನೊಂದು ಸಲ ಮಾಡಿದೆ. ಈಗ ಸಿಯುಐ ಒಳಗೆ ಒಂದೇ ಹೆಸರಿನ ಮೂರು ಟ್ಯಾಬ್, ರಿಬ್ಬನ್ ಮೇಲೆ ಒಂದೂ ಇಲ್ಲ.

ವಿಷಯ ಇಷ್ಟೇ: ಟ್ಯಾಬ್ ಮಾಡುವುದೇ ಬೇರೆ, ತೋರಿಸುವುದೇ ಬೇರೆ. ನನ್ನ ಟ್ಯಾಬ್ ವೇಷ ಕಟ್ಟಿಕೊಂಡು ಪರದೆ ಹಿಂದೆ ಕೂತಿತ್ತು, ರಂಗಕ್ಕೆ ಯಾರೂ ಕರೆದಿರಲಿಲ್ಲ. ಯಾರು ರಂಗಕ್ಕೆ ಬರಬೇಕು ಎಂದು ತೀರ್ಮಾನಿಸುವುದು ವರ್ಕ್‌ಸ್ಪೇಸ್. ಯಾವ ಟ್ಯಾಬ್, ಯಾವ ಟೂಲ್‌ಬಾರ್, ಯಾವ ಮೆನು ಕಾಣಬೇಕು ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ಹೊಸದಾಗಿ ಮಾಡಿದ ಟ್ಯಾಬ್ ಆ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ನಾವೇ ಸೇರಿಸಬೇಕು.

ಸೇರಿಸುವುದು ಹೀಗೆ. ಸಿಯುಐ ಕಿಟಕಿಯಲ್ಲೇ, ಎಡಗಡೆಯ ಮರದ ಮೇಲ್ತುದಿಯಲ್ಲಿ ವರ್ಕ್‌ಸ್ಪೇಸಸ್ ಇದೆ. ಅದನ್ನು ಬಿಡಿಸಿ ನೀವು ಬಳಸುತ್ತಿರುವ ವರ್ಕ್‌ಸ್ಪೇಸ್ ಮೇಲೆ ಕ್ಲಿಕ್ ಮಾಡಿ. ಬಲಗಡೆ ಅದರ ಒಳಗೇನಿದೆ ಎಂಬ ಪಟ್ಟಿ ಬರುತ್ತದೆ, ಅದರ ಮೇಲೆ ಕಸ್ಟಮೈಸ್ ವರ್ಕ್‌ಸ್ಪೇಸ್ ಎಂಬ ಬಟನ್. ಅದನ್ನು ಒತ್ತಿ. ಬಲಗಡೆ ಅಕ್ಷರಗಳು ನೀಲಿಯಾಗುತ್ತವೆ, ಎಡಗಡೆ ಮರದಲ್ಲಿ ಟಿಕ್ ಹಾಕುವ ಚೌಕಗಳು ಬರುತ್ತವೆ. ಈಗ ರಿಬ್ಬನ್, ಟ್ಯಾಬ್ಸ್ ಬಿಡಿಸಿ ನಿಮ್ಮ ಟ್ಯಾಬ್‌ಗೆ ಟಿಕ್ ಹಾಕಿ. ಬಲಗಡೆ ಅದೇ ಬಟನ್ ಈಗ ಡನ್ ಎಂದಾಗಿರುತ್ತದೆ. ಅದನ್ನು ಒತ್ತಿ, ಆಮೇಲೆ ಅಪ್ಲೈ.

ನಾನು ಇಲ್ಲೂ ಒಂದು ಸಲ ಬಿದ್ದೆ. ಟಿಕ್ ಹಾಕಿದ್ದು ತ್ರೀಡಿ ಮಾಡೆಲಿಂಗ್ ವರ್ಕ್‌ಸ್ಪೇಸ್‌ಗೆ, ಕೆಲಸ ಮಾಡುತ್ತಿದ್ದದ್ದು ಡ್ರಾಫ್ಟಿಂಗ್ ಅಂಡ್ ಆನೋಟೇಷನ್‌ನಲ್ಲಿ. ಒಂದೊಂದು ವರ್ಕ್‌ಸ್ಪೇಸ್‌ಗೂ ಬೇರೆ ಬೇರೆ ಪಟ್ಟಿ. ಎರಡರಲ್ಲೂ ಟ್ಯಾಬ್ ಬೇಕಿದ್ದರೆ ಎರಡು ಕಡೆಯೂ ಟಿಕ್ ಹಾಕಬೇಕು.

ಟ್ಯಾಬ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ. ರಿಬ್ಬನ್ ಮೇಲೆ ರೈಟ್ ಕ್ಲಿಕ್ ಮಾಡಿ ಶೋ ಟ್ಯಾಬ್ಸ್ ನೋಡಿ. ಅಲ್ಲಿ ಬರುವುದು ಈಗಿನ ವರ್ಕ್‌ಸ್ಪೇಸ್‌ಗೆ ಸೇರಿರುವ ಟ್ಯಾಬ್‌ಗಳು ಮಾತ್ರ. ನಿಮ್ಮ ಟ್ಯಾಬಿನ ಹೆಸರು ಇದೆ, ಟಿಕ್ ಇಲ್ಲ ಅಂದರೆ ಸುಮ್ನೆ ಮರೆಯಾಗಿದೆ; ಒಂದು ಕ್ಲಿಕ್ ಸಾಕು. ಹೆಸರೇ ಇಲ್ಲ ಅಂದರೆ ವರ್ಕ್‌ಸ್ಪೇಸ್‌ಗೆ ಸೇರಿಲ್ಲ, ಸಿಯುಐಗೆ ಹೋಗಲೇಬೇಕು. ಇದು ಮೊದಲೇ ಗೊತ್ತಿದ್ದರೆ ಮೂರು ಟ್ಯಾಬ್ ಹುಟ್ಟುತ್ತಿರಲಿಲ್ಲ.

ಸಣ್ಣ ಮಾತು: ನಿಮ್ಮದೇ ಬಟನ್‌ಗೆ ಮ್ಯಾಕ್ರೊ (ಬಟನ್ ಒತ್ತಿದಾಗ ನಡೆಯಬೇಕಾದ ಕಮಾಂಡ್‌ಗಳ ಸಾಲು) ಬರೆಯುವಾಗ ಶುರುವಿನಲ್ಲಿ ಎರಡು ಸಲ ಬರುವ ಟೋಪಿ ಗುರುತು ಮತ್ತು ಸಿ ಅಕ್ಷರವನ್ನು ಅಳಿಸಬೇಡಿ. ಅರ್ಧಕ್ಕೆ ನಿಂತಿರುವ ಕಮಾಂಡನ್ನು ಅದು ರದ್ದು ಮಾಡುತ್ತದೆ, ಎಸ್ಕೇಪ್ ಒತ್ತಿದ ಹಾಗೆ.

ಕಳೆದುಹೋದದ್ದನ್ನು ತರುವುದು

ರಿಬ್ಬನ್ ಪೂರ್ತಿ ಮಾಯವಾದರೆ ಮೊದಲು ಕಂಟ್ರೋಲ್ ಮತ್ತು ಸೊನ್ನೆ ಒಟ್ಟಿಗೆ ಒತ್ತಿ. ಅದು ಕ್ಲೀನ್ ಸ್ಕ್ರೀನ್. ಕೈತಪ್ಪಿ ಒತ್ತಿದರೆ ಎಲ್ಲ ಅಡಗುತ್ತದೆ, ಮತ್ತೆ ಒತ್ತಿದರೆ ವಾಪಸ್. ನನಗಂತೂ ಜಾಸ್ತಿ ಆಗುವುದು ಇದೇ. ಅದಲ್ಲದಿದ್ದರೆ ರಿಬ್ಬನ್ ಎಂದು ಟೈಪ್ ಮಾಡಿ. ಟ್ಯಾಬ್ ಹೆಸರುಗಳು ಮಾತ್ರ ಉಳಿದಿದ್ದರೆ ರಿಬ್ಬನ್ ಮಡಚಿಕೊಂಡಿದೆ. ಟ್ಯಾಬ್ ಸಾಲಿನ ಕೊನೆಯಲ್ಲಿರುವ ಪುಟ್ಟ ಬಾಣ ಒತ್ತುತ್ತಾ ಹೋಗಿ. ಎಕ್ಸ್‌ಪ್ರೆಸ್ ಟೂಲ್ಸ್ ಟ್ಯಾಬ್ ಒಂದೇ ಇಲ್ಲವೇ? ಎಕ್ಸ್‌ಪ್ರೆಸ್‌ಟೂಲ್ಸ್ ಎಂದು ಟೈಪ್ ಮಾಡಿ. ಹ್ಯಾಚ್ ಎಡಿಟರ್ ಟ್ಯಾಬ್ ಕಾಣದಿದ್ದರೆ ಗಾಬರಿ ಬೇಡ, ನಕ್ಷೆಯಲ್ಲಿರುವ ಹ್ಯಾಚ್ (ಜಾಗ ತುಂಬುವ ಗೆರೆ ವಿನ್ಯಾಸ) ಆರಿಸಿದಾಗ ಮಾತ್ರ ಅದು ಬರುತ್ತದೆ.

ಹಳೆಯ ಪಾಠಗಳಲ್ಲಿ ಕಾಣುವ ಟೂಲ್‌ಬಾರ್‌ಗಳು ಬೇಕಾದರೆ: ರಿಬ್ಬನ್ ಬಂದದ್ದು ಆಟೋಕ್ಯಾಡ್ 2009ರಲ್ಲಿ, ಕ್ಲಾಸಿಕ್ ವರ್ಕ್‌ಸ್ಪೇಸ್ ಹೋದದ್ದು 2015ರಲ್ಲಿ. ಟೂಲ್‌ಬಾರ್‌ಗಳು ಈಗಲೂ ಒಳಗಿವೆ. ಮೆನುಬಾರ್ ಎಂದು ಟೈಪ್ ಮಾಡಿ 1 ಕೊಡಿ, ಟೂಲ್ಸ್ ಮೆನುವಿನಲ್ಲಿ ಸಿಗುತ್ತವೆ.

ಏನು ಮಾಡಿದರೂ ಸರಿಯಾಗದಿದ್ದರೆ ರಿಸೆಟ್. ಈ ಬದಲಾವಣೆಗಳೆಲ್ಲ ಉಳಿಯುವುದು ಒಂದು ಮುಖ್ಯ ಫೈಲ್‌ನಲ್ಲಿ. ಸಿಯುಐ ಮರದಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎರಡು ಪದ ಸಿಗುತ್ತವೆ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ರಿಸ್ಟೋರ್ ಅಂದರೆ ಹಿಂದೆ ಉಳಿಸಿಟ್ಟ ಸ್ಥಿತಿಗೆ. ರಿಸೆಟ್ ಅಂದರೆ ಇನ್‌ಸ್ಟಾಲ್ ಮಾಡಿದ ದಿನದ ಸ್ಥಿತಿಗೆ. ಆ ಫೈಲ್‌ನಲ್ಲಿ ನೀವು ಮಾಡಿಕೊಂಡದ್ದೆಲ್ಲ ಹೋಗುತ್ತದೆ. ಮೊದಲು ರಿಸ್ಟೋರ್ ಮಾಡಿ ನೋಡಿ.

ಅದಕ್ಕೇ ಈಗ ನನ್ನ ಟ್ಯಾಬನ್ನು ಮುಖ್ಯ ಫೈಲ್‌ನಲ್ಲಿ ಇಟ್ಟಿಲ್ಲ. ಮರದ ಕೆಳಗೆ ಪಾರ್ಷಿಯಲ್ ಫೈಲ್‌ಗಳ (ಮುಖ್ಯ ಫೈಲ್‌ಗೆ ಜೋಡಿಸಿದ ಬೇರೆ ಸಣ್ಣ ಫೈಲ್‌ಗಳು) ಅಡಿಯಲ್ಲಿ ಕಸ್ಟಮ್ ಎಂಬ ಖಾಲಿ ಫೈಲ್ ಇರುತ್ತದೆ, ನಮಗೆಂದೇ ಬಿಟ್ಟದ್ದು. ಅದರೊಳಗೆ ಮಾಡಿದೆ. ಪರೀಕ್ಷೆಗೆಂದು ಮುಖ್ಯ ಫೈಲ್ ರಿಸೆಟ್ ಮಾಡಿದರೆ ರಿಬ್ಬನ್‌ನಲ್ಲಿ ಮತ್ತೆ ಟ್ಯಾಬ್ ಇಲ್ಲ! ಎದೆ ಧಸಕ್ಕೆಂದಿತು. ಸಿಯುಐ ತೆರೆದರೆ ಕಸ್ಟಮ್ ಒಳಗೆ ಟ್ಯಾಬ್ ಹಾಗೇ ಇತ್ತು. ವರ್ಕ್‌ಸ್ಪೇಸ್ ಇರುವುದು ಮುಖ್ಯ ಫೈಲ್‌ನಲ್ಲಿ, ಹಾಗಾಗಿ ಹೋಗಿದ್ದು ಟಿಕ್ ಮಾತ್ರ. ಮತ್ತೆ ಹಾಕಿದೆ, ಬಂತು.