ಆಪರೇಷನ್ ಮಗುವಿಗೆ, ಪ್ರಶ್ನೆ ಅಪ್ಪ-ಅಮ್ಮನಿಗೆ

ಮಗುವಿನ ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರು ಹೆತ್ತವರನ್ನು ಕೇಳುವ ಒಂದು ಪ್ರಶ್ನೆ ಹಲವರಿಗೆ ವಿಚಿತ್ರ ಎನಿಸುತ್ತದೆ: 'ನಿಮಗೆ ಹಿಂದೆ ಆಪರೇಷನ್ ಆಗಿದ್ದಾಗ ವಾಂತಿ ಆಗಿತ್ತಾ?'

ಕೇಳುವುದಕ್ಕೆ ಕಾರಣವಿದೆ. ಆಪರೇಷನ್ ಆದ ಮೇಲೆ ಯಾವ ಮಗು ವಾಂತಿ ಮಾಡಬಹುದು ಎಂದು ಅಂದಾಜಿಸಲು ಜರ್ಮನಿಯ ವೈದ್ಯರು 2004ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ವಯಸ್ಸು 3 ತುಂಬಿದೆಯೇ, ಆಪರೇಷನ್ 30 ನಿಮಿಷ ಅಥವಾ ಹೆಚ್ಚು ಹಿಡಿಯುತ್ತದೆಯೇ, ಅದು ಮೆಳ್ಳೆಗಣ್ಣಿನ ಆಪರೇಷನ್ನೇ, ಮಗುವಿಗೋ ಹೆತ್ತವರಿಗೋ ಒಡಹುಟ್ಟಿದವರಿಗೋ ಹಿಂದೆ ಹೀಗೆ ಆಗಿತ್ತೇ? ನಾಲ್ಕೂ ಇಲ್ಲದಿದ್ದರೆ ನೂರರಲ್ಲಿ ಸುಮಾರು 9 ಮಕ್ಕಳು ವಾಂತಿ ಮಾಡುತ್ತಾರೆ. ನಾಲ್ಕೂ ಇದ್ದರೆ ಸುಮಾರು 70. ಅಂದರೆ ವಾಂತಿ ತಡೆಯುವ ಕೆಲಸ ಶುರುವಾಗುವುದು ಮಗು ಆಪರೇಷನ್ ಕೋಣೆಗೆ ಹೋಗುವ ಮೊದಲೇ.

ಮೆಳ್ಳೆಗಣ್ಣಿಗೂ ಹೊಟ್ಟೆಗೂ ಏನು ನಂಟು? ಕಣ್ಣಿನ ಸ್ನಾಯುವನ್ನು ಎಳೆದಾಗ ಆ ಸುದ್ದಿ ನರದ ಮೂಲಕ ಮಿದುಳಿನ ಬುಡಕ್ಕೆ ಮುಟ್ಟಿ, ಅಲ್ಲಿಂದ ಹೃದಯಕ್ಕೂ ಹೊಟ್ಟೆಗೂ ಹೋಗುವ ವೇಗಸ್ ಎಂಬ ನರವನ್ನು ಕೆಣಕುತ್ತದೆ. ಎಳೆದ ಕ್ಷಣದಲ್ಲೇ ಹೃದಯದ ಬಡಿತ ಇಳಿಯುವುದನ್ನು ಮಾನಿಟರಿನಲ್ಲಿ ನೋಡಬಹುದು! ವಾಂತಿಗೂ ಇಂಥದೇ ದಾರಿ ಇದೆ ಎಂಬುದು ತಜ್ಞರ ಊಹೆ. ಟಾನ್ಸಿಲ್ ಆಪರೇಷನ್ನಿನಲ್ಲಾದರೆ ನುಂಗಿದ ರಕ್ತವೇ ಹೊಟ್ಟೆ ತೊಳಸುತ್ತದೆ. ಇವೆಲ್ಲದರ ಜೊತೆಗೆ ಅರಿವಳಿಕೆಯ ಅನಿಲ, ಮಾರ್ಫಿನ್ ಜಾತಿಯ ನೋವಿನ ಮದ್ದು.

ಅಪಾಯ ಹೆಚ್ಚಿರುವ ಮಗುವಿಗೆ ಅನಿಲದ ಬದಲು ಪ್ರೊಪೊಫಾಲ್ ಎಂಬ ನಿದ್ದೆಯ ಮದ್ದನ್ನು ರಕ್ತನಾಳದಲ್ಲೇ ಹರಿಸುತ್ತಾ ಮಲಗಿಸಬಹುದು. ಆಪರೇಷನ್ ಜಾಗದ ನರಗಳನ್ನೇ ಮರಗಟ್ಟಿಸಿದರೆ ಮಾರ್ಫಿನ್ ಕಡಿಮೆ ಸಾಕು. ಜೊತೆಗೆ ಸಾಮಾನ್ಯವಾಗಿ ವಾಂತಿ ತಡೆಯುವ ಎರಡು ಮದ್ದು: ಒಂಡಾನ್‌ಸೆಟ್ರಾನ್, ಡೆಕ್ಸಾಮೆಥಾಸೋನ್. ಒಂದೊಂದಾಗಿ ಕೊಡುವುದಕ್ಕಿಂತ ಎರಡೂ ಸೇರಿದರೆ ಪರಿಣಾಮ ಹೆಚ್ಚು. ಮೊದಲನೆಯದು ವಾಂತಿಗೆ ಪ್ರಚೋದಿಸುವ ಸೆರೊಟೋನಿನ್ ಎಂಬ ರಾಸಾಯನಿಕದ ಸಂದೇಶವನ್ನು ತಡೆಯುತ್ತದೆ. ಅದರ ಡೋಸ್ ಕಿಲೋ ತೂಕಕ್ಕೆ 0.1 ಮಿಲಿಗ್ರಾಂ, ಮೇಲ್ಮಿತಿ 4 ಮಿಲಿಗ್ರಾಂ. ಎರಡನೆಯದು ನಿಧಾನಕ್ಕೆ ಕೆಲಸ ಮಾಡುವುದರಿಂದ ಆರಂಭದಲ್ಲೇ ಕೊಡಬೇಕು, ಆದರೆ ಮಗು ನಿದ್ದೆಗೆ ಜಾರಿದ ಮೇಲೆ. ಎಚ್ಚರವಿರುವಾಗ ವೇಗವಾಗಿ ಕೊಟ್ಟರೆ ತೊಡೆಸಂದಿಯಲ್ಲಿ ವಿಪರೀತ ತುರಿಕೆ, ಉರಿ ಎದ್ದು ಮಗು ಗಾಬರಿಯಾಗುತ್ತದೆ.

ಹೆತ್ತವರ ಕೈಯಲ್ಲಿರುವುದು ಹೊಟ್ಟೆಯ ವಿಷಯ. ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಬೇಕು, ಸರಿ. ನೀರಿಗೆ ಅಷ್ಟು ಹೊತ್ತು ಬೇಡ: 2 ಗಂಟೆ ಮುಂಚಿನವರೆಗೂ, ಈಗ ಹಲವೆಡೆ 1 ಗಂಟೆ ಮುಂಚಿನವರೆಗೂ ಕುಡಿಸಬಹುದು. 'ಇರಲಿ, ಜಾಸ್ತಿ ಹೊತ್ತು ಖಾಲಿ ಇದ್ದರೆ ಒಳ್ಳೆಯದೇ' ಎಂದು ರಾತ್ರಿಯಿಂದ ಒಂದು ಗುಟುಕೂ ಕೊಡದಿರುವುದು ತಪ್ಪು ಎಚ್ಚರಿಕೆ ಎಂದೇ ನನ್ನ ಅನಿಸಿಕೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ವಾಂತಿಗೆ ಅನುಕೂಲವೇ. ಧಾರಾಳವಾಗಿ ಡ್ರಿಪ್ ಕೊಟ್ಟ ಮಕ್ಕಳಲ್ಲಿ ವಾಂತಿ ಕಡಿಮೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ನಿಮ್ಮ ಮಗುವಿಗೆ ಎಷ್ಟು ಗಂಟೆ ಎಂಬುದನ್ನು ಮಾತ್ರ ಆಸ್ಪತ್ರೆಯವರನ್ನೇ ಕೇಳಿ.

ಆಪರೇಷನ್ ಮುಗಿದ ಮೇಲೆ ಇದಕ್ಕೆ ತದ್ವಿರುದ್ಧ: 'ಪಾಪ, ಹಸಿದಿದೆ' ಎಂದು ಒತ್ತಾಯ. ಏನಾದರೂ ಕುಡಿದು ದಕ್ಕಿಸಿಕೊಂಡರೆ ಮಾತ್ರ ಮನೆಗೆ ಎಂಬ ನಿಯಮ ಒಂದು ಕಾಲದಲ್ಲಿ ಆಸ್ಪತ್ರೆಗಳಲ್ಲೇ ಇತ್ತು. ಬಲವಂತದಿಂದ ಕುಡಿಸಿದ ಮಕ್ಕಳೇ ಹೆಚ್ಚು ವಾಂತಿ ಮಾಡಿದ್ದು ಕಂಡು ಅದನ್ನು ಸಡಿಲಿಸಿದರು. ಕೇಳಿದಾಗ ಗುಟುಕು ಗುಟುಕಾಗಿ ಕೊಟ್ಟರೆ ಸಾಕು.

ಚಿಕ್ಕ ಮಕ್ಕಳಿಗೆ ವಾಕರಿಕೆ ಎಂದು ಹೇಳಲು ಬಾರದು. ಅದಕ್ಕೇ ಕಾರ್ಟೂನ್ ಮುಖಗಳ ಅಳತೆಪಟ್ಟಿಯೊಂದಿದೆ; ತನ್ನ ಮುಖ ಯಾವುದೆಂದು ಮಗು ಬೆರಳಿಟ್ಟು ತೋರಿಸುತ್ತದೆ.

ಟಾನ್ಸಿಲ್ ತೆಗೆಸಿಕೊಂಡ ಮಗು ಮೊದಲ ದಿನ ಕಂದು ಬಣ್ಣದ ವಾಂತಿ ಮಾಡಿದರೆ ಅದು ಬಹುಪಾಲು ನುಂಗಿದ ಹಳೆಯ ರಕ್ತ. ಕೆಂಪು ರಕ್ತ ಕಂಡರೆ ಅಥವಾ ಮಗು ಪದೇ ಪದೇ ಏನೋ ನುಂಗುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.